ಕಾರಣವೂ ಒಂದು ಋಣ

ಒಬ್ಬರನ್ನು ಪಟ್ಟಿಯಿಂದ, ಕೆಲಸದಿಂದ, ತಂಡದಿಂದ ಕೈಬಿಡುವ ಅಧಿಕಾರ ಯಾರದೋ ಕೈಯಲ್ಲಿ ಇದ್ದೇ ಇರುತ್ತದೆ. ಅದು ಇರಬಾರದು ಎಂದು ವಾದಿಸುವುದು ಕಷ್ಟ. ಹನ್ನೊಂದು ಜನ ಆಡುವ ಆಟದಲ್ಲಿ ಹನ್ನೆರಡನೆಯವನು ಹೊರಗೆ ಕೂರಲೇಬೇಕು. ನನ್ನ ಪ್ರಶ್ನೆ ಅದರ ಮುಂದಿನದು. ಹೊರಗೆ ಕೂರಿಸಿದವನಿಗೆ ಯಾಕೆಂದು ಹೇಳಬೇಕೇ? ಹೇಳುವುದು ಅಧಿಕಾರದಲ್ಲಿರುವವರ ದೊಡ್ಡತನವೇ, ಅಥವಾ ಅವರು ತೀರಿಸಬೇಕಾದ ಸಾಲವೇ?

ಈ ಪ್ರಶ್ನೆಯನ್ನು ಒಬ್ಬ ಆಟಗಾರನ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಕೇಳಬೇಕೆನಿಸಿದೆ. ಹೆಸರು ಮಾಲ್ಕಮ್ ಬಟ್ಲರ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾರ್ನರ್‌ಬ್ಯಾಕ್ ಆಗಿದ್ದವನು. 2015ರ ಫೆಬ್ರವರಿಯಲ್ಲಿ ನಡೆದ ಸೂಪರ್ ಬೌಲ್ ಫೈನಲ್‌ನಲ್ಲಿ ತನ್ನ ತಂಡವನ್ನು ಕೊನೆಯ ಕ್ಷಣದಲ್ಲಿ ಗೆಲ್ಲಿಸಿದ. ಮೂರು ವರ್ಷದ ನಂತರ, ಅದೇ ತಂಡ, ಅದೇ ಕೋಚ್, ಅದೇ ಸೂಪರ್ ಬೌಲ್; ಆಟ ಮುಗಿಯುವವರೆಗೂ ಬೆಂಚಿನ ಹತ್ತಿರ ನಿಂತಿದ್ದ. ಆ ಎರಡು ರಾತ್ರಿಗಳ ನಡುವೆ ಬದಲಾದದ್ದು ಏನು ಎಂದು ಅಮೆರಿಕದ ಕ್ರೀಡಾಲೋಕ ಬಹಳ ಕಾಲ ತಲೆ ಕೆಡಿಸಿಕೊಂಡಿತು. ನನಗೆ ಕುತೂಹಲ ಇರುವುದು ಇನ್ನೊಂದರಲ್ಲಿ: ಮೊದಲ ರಾತ್ರಿಯ ಹಿಂದೆ ಒಂದು ವಿವರಣೆ ಇತ್ತು, ಎರಡನೆಯದರ ಹಿಂದೆ ಇರಲಿಲ್ಲ.

*

ಈ ಆಟವನ್ನು ನಮ್ಮಲ್ಲಿ ನೋಡುವವರು ಕಡಿಮೆ. ಹಾಗಾಗಿ ನಾಲ್ಕು ಮಾತು. ನೂರು ಗಜದ ಮೈದಾನ, ಎರಡೂ ಕಡೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಎಸೆಯಬಹುದು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಚಿನಿಂದ ಓಡಿ ಅದನ್ನು ಹಿಡಿಯುವವನು ರಿಸೀವರ್. ಆ ರಿಸೀವರ್‌ನ ಬೆನ್ನು ಬಿಡದೆ ಅವನಿಗೆ ಚೆಂಡು ದಕ್ಕದಂತೆ ನೋಡಿಕೊಳ್ಳುವ ಎದುರಾಳಿಯೇ ಕಾರ್ನರ್‌ಬ್ಯಾಕ್.

ಇದು ವಿಚಿತ್ರವಾದ ಕೆಲಸ. ರಿಸೀವರ್‌ಗೆ ತಾನು ಎಷ್ಟು ಹೆಜ್ಜೆ ಓಡಿ ಎಲ್ಲಿ ತಿರುಗುತ್ತೇನೆಂದು ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್‌ಗೆ ಗೊತ್ತಿಲ್ಲ. ಅವನು ಹಿಮ್ಮುಖವಾಗಿ ಓಡುತ್ತಾ, ಎದುರಿನವನ ಸೊಂಟ ಯಾವ ಕಡೆ ವಾಲುತ್ತದೆ ಎಂದು ನೋಡಿ ಊಹಿಸಬೇಕು. ಇಡೀ ಸಂಜೆ ಸರಿಯಾಗಿ ಊಹಿಸಿದರೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ, ಯಾಕೆಂದರೆ ಚೆಂಡು ಅವನ ಕಡೆಗೆ ಬರುವುದೇ ಇಲ್ಲ. ಒಮ್ಮೆ ಅರ್ಧ ಹೆಜ್ಜೆ ತಡವಾದರೆ ಸಾಕು, ಟಿವಿಯಲ್ಲಿ ಅದೊಂದನ್ನೇ ಹತ್ತು ಕೋನಗಳಿಂದ ತೋರಿಸುತ್ತಾರೆ. ಅದಕ್ಕೇ ಈ ಜಾಗದಲ್ಲಿ ಆಡುವವರಿಗೆ ಕೋಚ್‌ಗಳು ಹೇಳಿಕೊಡುವ ಮುಖ್ಯ ಪಾಠ, ಆದದ್ದನ್ನು ಬೇಗ ಮರೆ ಎನ್ನುವುದು. ಹಿಂದಿನ ಎಸೆತದ ಸೋಲನ್ನು ಹೊತ್ತುಕೊಂಡು ಮುಂದಿನ ಎಸೆತಕ್ಕೆ ನಿಂತವನು ಮತ್ತೆ ಸೋಲುತ್ತಾನೆ.

ಬಟ್ಲರ್ ಹುಟ್ಟಿದ್ದು 1990ರಲ್ಲಿ, ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ. ಹೈಂಡ್ಸ್ ಕಮ್ಯುನಿಟಿ ಕಾಲೇಜಿನ ತಂಡ ಸೇರಿದವನನ್ನು ಅಲ್ಲಿಂದ ಹೊರಹಾಕಿದರು. ಊರಿಗೆ ಬಂದು ಪಪೈಸ್ ಎಂಬ ಫ್ರೈಡ್ ಚಿಕನ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆಮೇಲೆ ಅದೇ ಕಾಲೇಜಿಗೆ ಮರಳಿ, ಅಲ್ಲಿಂದ ವೆಸ್ಟ್ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೋದ. ಅದು ದೊಡ್ಡ ತಂಡಗಳ ಕಣ್ಣು ಬೀಳುವ ಜಾಗವಲ್ಲ, ಎರಡನೇ ದರ್ಜೆಯ ಕಾಲೇಜು ಲೀಗಿನದು. 2014ರ ಡ್ರಾಫ್ಟ್‌ನಲ್ಲಿ ವೃತ್ತಿಪರ ತಂಡಗಳು 256 ಹುಡುಗರನ್ನು ಆರಿಸಿಕೊಂಡವು. ಬಟ್ಲರ್ ಹೆಸರು ಅದರಲ್ಲಿ ಇರಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಪರೀಕ್ಷೆಗೆಂದು ಶಿಬಿರಕ್ಕೆ ಕರೆಯಿತು, ನೋಡಿತು, ಉಳಿಸಿಕೊಂಡಿತು. ಕೋಚ್ ಬಿಲ್ ಬೆಲಿಚಿಕ್. ತಂಡದ ಘೋಷವಾಕ್ಯ ಮೂರೇ ಪದಗಳದ್ದು: ನಿನ್ನ ಕೆಲಸ ಮಾಡು.

*

2015ರ ಸೂಪರ್ ಬೌಲ್‌ಗೆ ಮುಂಚಿನ ಅಭ್ಯಾಸದಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಎದುರಾಳಿ ಸಿಯಾಟಲ್ ಸೀಹಾಕ್ಸ್. ಗೆರೆಯ ಹತ್ತಿರ ಬಂದಾಗ ಅವರು ಆಡುವ ಒಂದು ಉಪಾಯವಿತ್ತು. ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಮುಂದಿನವನು ದಾರಿಗೆ ಅಡ್ಡವಾಗುತ್ತಾನೆ, ಹಿಂದಿನವನು ಆ ಮರೆಯಿಂದ ಒಳಕ್ಕೆ ನುಗ್ಗಿ ಚೆಂಡು ಹಿಡಿಯುತ್ತಾನೆ. ಪೇಟ್ರಿಯಟ್ಸ್‌ನ ಮೀಸಲು ಆಟಗಾರರು ಅದನ್ನು ಅನುಕರಿಸಿ ಆಡಿದರು. ಬಟ್ಲರ್ ಅಡ್ಡ ನಿಂತವನ ಹಿಂದಿನಿಂದ ಸುತ್ತಿಕೊಂಡು ಹೋದ, ತಡವಾಯಿತು, ಟಚ್‌ಡೌನ್ ಆಯಿತು. ಬೆಲಿಚಿಕ್ ಅವನಿಗೆ ನೇರವಾಗಿ ಹೇಳಿದ: ಈ ಆಟದಲ್ಲಿ ನೀನು ಅಲ್ಲಿಗೆ ಮೊದಲೇ ತಲುಪಿರಬೇಕು.

ಫೆಬ್ರವರಿ 1ರ ರಾತ್ರಿ, ಅರಿಝೋನಾದ ಗ್ಲೆಂಡೇಲ್. ಬಟ್ಲರ್ ಮೊದಲಾರ್ಧದಲ್ಲಿ ಆಡಿರಲಿಲ್ಲ. ಕೈಲ್ ಆರಿಂಗ್ಟನ್ ಎಂಬ ಹಿರಿಯ ಕಾರ್ನರ್‌ಬ್ಯಾಕ್‌ನ ಮೇಲೆ ಕ್ರಿಸ್ ಮ್ಯಾಥ್ಯೂಸ್ ಎಂಬ ರಿಸೀವರ್ ದೊಡ್ಡ ಎಸೆತವೊಂದನ್ನು ಹಿಡಿದಿದ್ದ. ಎರಡನೇ ಅರ್ಧದಲ್ಲಿ ಆರಿಂಗ್ಟನ್‌ನನ್ನು ಕೂರಿಸಿ ಬಟ್ಲರ್‌ನನ್ನು ಇಳಿಸಿದರು. ಕೊನೆಗೆ ಪೇಟ್ರಿಯಟ್ಸ್ 28–24ರಿಂದ ಮುಂದಿದ್ದಾಗ ಸಿಯಾಟಲ್‌ನ ಜರ್ಮೇನ್ ಕರ್ಸ್ ಒಂದು ನಂಬಲಾಗದ ಕ್ಯಾಚ್ ಹಿಡಿದ. ಬಟ್ಲರ್ ಅವನ ಜೊತೆಗೇ ಹಾರಿ ಚೆಂಡನ್ನು ತಟ್ಟಿದ್ದ. ಚೆಂಡು ಕೆಳಗೆ ಬಿದ್ದವನ ಕಾಲಿಗೆ, ಕೈಗೆ ತಾಗಿ ಪುಟಿದು ಮತ್ತೆ ಅವನದೇ ಮಡಿಲಿಗೆ ಬಿತ್ತು. 33 ಗಜ. ಬಟ್ಲರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದ, ಆದರೂ ಸೋತವನಂತೆ ಕಾಣುತ್ತಿದ್ದ.

ಮುಂದಿನ ಓಟದಲ್ಲಿ ಸಿಯಾಟಲ್ ಗೆರೆಗೆ ಒಂದೇ ಗಜದ ದೂರಕ್ಕೆ ಬಂತು. ಉಳಿದದ್ದು 26 ಸೆಕೆಂಡು. ಚೆಂಡು ಹಿಡಿದು ನುಗ್ಗುವುದರಲ್ಲಿ ಹೆಸರಾದ ಮಾರ್ಶಾನ್ ಲಿಂಚ್ ಅವರ ಬಳಿ ಇದ್ದ. ಎಲ್ಲರೂ ಅವನಿಗೇ ಚೆಂಡು ಕೊಡುತ್ತಾರೆ ಎಂದುಕೊಂಡರು. ಅವರು ಎಸೆದರು. ಅಭ್ಯಾಸದಲ್ಲಿ ಬಟ್ಲರ್ ಸೋತಿದ್ದ ಅದೇ ಉಪಾಯ. ಇಬ್ಬರು ಹಿಂದೆ ಮುಂದೆ ನಿಂತದ್ದನ್ನು ಕಂಡ ಬಟ್ಲರ್ ಈ ಸಲ ಸುತ್ತಿ ಹೋಗಲಿಲ್ಲ. ಜೊತೆಗಾರ ಬ್ರ್ಯಾಂಡನ್ ಬ್ರೌನರ್ ಮುಂದಿನವನನ್ನು ಒತ್ತಿ ಹಿಡಿದ. ಬಟ್ಲರ್ ಚೆಂಡು ಬರುವ ಜಾಗಕ್ಕೆ ನೇರ ನುಗ್ಗಿ, ರಿಸೀವರ್‌ಗಿಂತ ಮೊದಲೇ ತಲುಪಿ ಅದನ್ನು ಕಿತ್ತುಕೊಂಡ.

ಇದನ್ನು ಅದೃಷ್ಟ ಎಂದವರಿದ್ದಾರೆ, ಪವಾಡ ಎಂದವರೂ ಇದ್ದಾರೆ. ನನಗೆ ಕಾಣುವುದು ಒಂದು ಸಂಭಾಷಣೆಯ ಫಲ. ಹುಡುಗ ಸೋತಿದ್ದ, ಯಾಕೆ ಸೋತೆ ಎಂದು ಅವನಿಗೆ ಹೇಳಲಾಗಿತ್ತು. ಹೇಳಿದ್ದರಿಂದ ಆ ಸೋಲು ಅವನ ಕೈಗೆ ಉಪಯೋಗಕ್ಕೆ ಬರುವ ವಸ್ತುವಾಯಿತು. ಬೇಗ ಮರೆ ಎಂಬ ಪಾಠದ ಒಳಗಿರುವ ಸೂಕ್ಷ್ಮ ಇದೇ ಇರಬೇಕು. ಯಾಕೆ ಆಯಿತು ಎಂದು ತಿಳಿದ ಸೋಲನ್ನು ಮರೆಯಬಹುದು. ತಿಳಿಯದೆ ಉಳಿದದ್ದು ಮರೆಯಲು ಬಿಡುವುದಿಲ್ಲ.

*

ಅದೇ ರಾತ್ರಿ ಇನ್ನೊಬ್ಬ ಕೋಚ್ ಕೂಡ ಕಾರಣ ಹೇಳಬೇಕಾಯಿತು. ಸಿಯಾಟಲ್‌ನ ಪೀಟ್ ಕ್ಯಾರಲ್. ಲಿಂಚ್‌ಗೆ ಯಾಕೆ ಕೊಡಲಿಲ್ಲ? ಕ್ಯಾರಲ್ ಪತ್ರಕರ್ತರ ಮುಂದೆ ಕೂತು ವಿವರಿಸಿದ. ಎದುರಾಳಿಗಳು ಓಟವನ್ನು ತಡೆಯಲು ಬೇಕಾದ ದಪ್ಪ ಆಳುಗಳನ್ನು ಗೆರೆಗೆ ತಂದಿದ್ದರು. ಈ ಒಂದು ಪ್ರಯತ್ನವನ್ನು ಎಸೆತಕ್ಕೆ ಬಳಸಿ, ಉಳಿದದ್ದರಲ್ಲಿ ಓಡೋಣ ಎಂಬುದು ಅವನ ಲೆಕ್ಕ. ತಪ್ಪೇನಿದ್ದರೂ ತನ್ನದು, ಆಟಗಾರರದ್ದಲ್ಲ ಎಂದೂ ಹೇಳಿದ.

ಆ ವಿವರಣೆಯನ್ನು ಬಹಳ ಜನ ಒಪ್ಪಲಿಲ್ಲ. ಸೂಪರ್ ಬೌಲ್ ಇತಿಹಾಸದ ಅತಿ ಕೆಟ್ಟ ನಿರ್ಧಾರ ಎಂದು ಬರೆದರು. ಲೆಕ್ಕ ಸರಿಯಿತ್ತು, ಫಲ ಮಾತ್ರ ಕೆಟ್ಟಿತು ಎಂದು ಇನ್ನು ಕೆಲವರು ವಾದಿಸಿದರು. ಇಂದಿಗೂ ವಾದ ನಡೆಯುತ್ತದೆ. ಆದರೆ ವಾದ ನಡೆಯಲು ಸಾಧ್ಯವಾದದ್ದೇ ಅವನು ಕಾರಣ ಕೊಟ್ಟಿದ್ದರಿಂದ. ಕಾರಣ ಕೊಟ್ಟವನು ತನ್ನನ್ನು ಇತರರ ವಿಮರ್ಶೆಗೆ ಒಡ್ಡಿಕೊಳ್ಳುತ್ತಾನೆ. ನಾನು ತಪ್ಪಿರಬಹುದು, ಬನ್ನಿ ನೋಡಿ ಎಂದು ಬಾಗಿಲು ತೆರೆಯುತ್ತಾನೆ. ಕಾರಣ ಹೇಳುವುದರಲ್ಲಿರುವ ನೈತಿಕ ಧೈರ್ಯ ಇಂಥದ್ದು. ಅದು ನಿರ್ಧಾರವನ್ನು ಸರಿ ಮಾಡುವುದಿಲ್ಲ. ನಿರ್ಧರಿಸಿದವನನ್ನೂ ಅದರ ಪೆಟ್ಟು ತಿಂದವರನ್ನೂ ಒಂದೇ ನೆಲದ ಮೇಲೆ ನಿಲ್ಲಿಸುತ್ತದೆ.

*

ಮೂರು ವರ್ಷ ಕಳೆಯಿತು. ಈ ನಡುವೆ ಬಟ್ಲರ್ ತಂಡದ ಪ್ರಮುಖ ಕಾರ್ನರ್‌ಬ್ಯಾಕ್ ಆದ, ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದ, 2017ರ ಫೆಬ್ರವರಿಯಲ್ಲಿ ಇನ್ನೊಂದು ಸೂಪರ್ ಬೌಲ್ ಗೆದ್ದ. ಆ ವರ್ಷ ಶುರುವಾದ ಹೊಸ ಋತುವಿನ ಲೀಗ್ ಹಂತದಲ್ಲಿ ತಂಡದ ರಕ್ಷಣೆಯ ಆಟದಲ್ಲಿ ಸುಮಾರು ಶೇ. 98ರಷ್ಟು ಹೊತ್ತು ಅವನೇ ಮೈದಾನದಲ್ಲಿದ್ದ. ಆ ಋತುವಿನ ಫೈನಲ್ 2018ರ ಫೆಬ್ರವರಿ 4ರಂದು ಮಿನಿಯಾಪೊಲಿಸ್‌ನಲ್ಲಿ, ಎದುರಾಳಿ ಫಿಲಡೆಲ್ಫಿಯಾ ಈಗಲ್ಸ್. ಆ ವಾರ ಬಟ್ಲರ್‌ಗೆ ಹುಷಾರಿರಲಿಲ್ಲ, ತಂಡಕ್ಕಿಂತ ತಡವಾಗಿ ಊರು ತಲುಪಿದ್ದ. ಆದರೂ ಸಮವಸ್ತ್ರ ತೊಟ್ಟು ಆಡಲು ಸಿದ್ಧನಾಗಿದ್ದ. ರಾಷ್ಟ್ರಗೀತೆಯ ಹೊತ್ತಿನಲ್ಲಿ ಕ್ಯಾಮೆರಾ ಅವನ ಮುಖದ ಮೇಲೆ ನಿಂತಾಗ ಅವನು ಅಳುತ್ತಿದ್ದ.

ರಕ್ಷಣೆಯಲ್ಲಿ ಅವನನ್ನು ಒಂದು ಸಲವೂ ಇಳಿಸಲಿಲ್ಲ. ಅವನ ಜಾಗದಲ್ಲಿ ಎರಿಕ್ ರೋ ಆಡಿದ. ಈಗಲ್ಸ್‌ನ ನಿಕ್ ಫೋಲ್ಸ್, ಋತುವಿನ ಬಹುಭಾಗ ಮೀಸಲು ಕ್ವಾರ್ಟರ್‌ಬ್ಯಾಕ್ ಆಗಿದ್ದವನು, 373 ಗಜ ಎಸೆದ. ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ 505 ಗಜ ಎಸೆದೂ ತಂಡ ಉಳಿಯಲಿಲ್ಲ. ಈಗಲ್ಸ್ 41–33ರಿಂದ ಗೆದ್ದಿತು. ಅಂದರೆ ಸೋತದ್ದು ರಕ್ಷಣೆ, ಬಟ್ಲರ್ ಇರಬೇಕಿದ್ದ ಕಡೆ.

ಪಂದ್ಯದ ನಂತರ ಬೆಲಿಚಿಕ್ ಹೇಳಿದ್ದು ಇಷ್ಟು: ಇದು ಶಿಸ್ತಿನ ಕ್ರಮವಲ್ಲ, ಗೆಲ್ಲಲು ಯಾವುದು ಸರಿ ಎನಿಸಿತೋ ಅದನ್ನು ಮಾಡಿದೆವು. ಆಮೇಲೂ ಸಾರ್ವಜನಿಕವಾಗಿ ಅದಕ್ಕಿಂತ ಹೆಚ್ಚು ಬಿಚ್ಚಿ ಹೇಳಲಿಲ್ಲ. ಬಟ್ಲರ್ ನೋವಿನಲ್ಲಿ, ತನ್ನನ್ನು ಕೈಬಿಟ್ಟರು, ತಾನು ಆಡಿದ್ದರೆ ಪಂದ್ಯ ಬದಲಾಗುತ್ತಿತ್ತು ಎಂಬರ್ಥದ ಮಾತಾಡಿದ.

ಆಮೇಲೆ ಆದದ್ದೇ ಮುಖ್ಯ. ಹೇಳದೆ ಬಿಟ್ಟ ಜಾಗವನ್ನು ಗಾಳಿಮಾತು ತುಂಬಿತು. ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದನಂತೆ, ರಾತ್ರಿ ಹೇಳಿದ ಹೊತ್ತಿಗೆ ಕೋಣೆಗೆ ಬರಲಿಲ್ಲವಂತೆ, ಇನ್ನೇನೋ ಮಾಡಿದನಂತೆ. ಎರಡು ದಿನಗಳಲ್ಲಿ ಬಟ್ಲರ್ ತಾನೇ ಹೇಳಿಕೆ ಹೊರಡಿಸಬೇಕಾಯಿತು. ಸಿಟ್ಟಿನಲ್ಲಿ ಬಳಸಿದ ಭಾಷೆಗೆ ಕ್ಷಮೆ ಕೇಳಿ, ಅಂಥದ್ದೇನನ್ನೂ ತಾನು ಮಾಡಿಲ್ಲ ಎಂದು ಬರೆದ. ಮಾಡದ ಕೆಲಸವನ್ನು ಮಾಡಿಲ್ಲವೆಂದು ಸಾಬೀತು ಮಾಡುವುದು ಹೇಗೆ? ಕಾರಣ ಹೇಳಬೇಕಾದವನು ಸುಮ್ಮನಿದ್ದಾಗ ಸಮರ್ಥನೆಯ ಹೊರೆ ಜಾರಿ ಪೆಟ್ಟು ತಿಂದವನ ಹೆಗಲಿಗೇ ಬೀಳುತ್ತದೆ. ಮೌನದ ವೆಚ್ಚವನ್ನು ಯಾವಾಗಲೂ ಕೆಳಗಿರುವವನು ಭರಿಸುತ್ತಾನೆ.

*

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಮೂರೂ ಗಟ್ಟಿಯಾದವೇ.

ಮೊದಲನೆಯದು: ತಂಡ ಆರಿಸುವುದು ಕೋಚ್‌ನ ಕೆಲಸ, ಪ್ರತಿ ಆಯ್ಕೆಗೂ ಸಮಜಾಯಿಷಿ ಕೊಡುತ್ತಾ ಕೂತರೆ ತಂಡ ನಡೆಯುವುದಿಲ್ಲ. ಬಟ್ಲರ್ ಮೊದಲ ಸಲ ಮೈದಾನಕ್ಕಿಳಿದದ್ದೂ ಇನ್ನೊಬ್ಬ ಹೊರಗೆ ಕೂತದ್ದರಿಂದಲೇ. ಆರಿಂಗ್ಟನ್‌ಗೆ ಕಾರಣ ಹೇಳಿ ಎಂದು ಆಗ ಯಾರು ಕೇಳಿದರು? ಆ ವರ್ಷದ ಮೇ ತಿಂಗಳಲ್ಲಿ ಅವನನ್ನು ತಂಡದಿಂದಲೇ ಬಿಡುಗಡೆ ಮಾಡಿದರು. ಈ ಮಾತಿನಲ್ಲಿ ಸತ್ಯವಿದೆ. ನಾಯಕರ ಕಥೆ ಬರೆಯುವಾಗ ನಾವು ಆರಿಂಗ್ಟನ್‌ಗಳನ್ನು ಮರೆಯುತ್ತೇವೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಂದು ಕಾರಣ ಮೈದಾನದ ಮೇಲೇ ಬಿದ್ದಿತ್ತು; ಮ್ಯಾಥ್ಯೂಸ್ ಹಿಡಿದ ಚೆಂಡನ್ನು ಆರಿಂಗ್ಟನ್ ಸೇರಿದಂತೆ ಎಲ್ಲರೂ ನೋಡಿದ್ದರು. ಕಣ್ಣಿಗೆ ಕಾಣುವ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಋತುವಿಡೀ ಆಡಿಸಿ ಕೊನೆಯ ದಿನ ಕೂರಿಸಿದಾಗ ಕಾರಣ ಎಲ್ಲೂ ಕಾಣುವುದಿಲ್ಲ. ನಿರ್ಧಾರ ಎಷ್ಟು ಅನಿರೀಕ್ಷಿತವೋ, ಕಾರಣ ಹೇಳುವ ಹೊಣೆ ಅಷ್ಟು ದೊಡ್ಡದು.

ಎರಡನೆಯದು: ಅವನಿಗೆ ನಷ್ಟವೇನಾಯಿತು? ಮುಂದಿನ ತಿಂಗಳೇ ಟೆನೆಸಿ ಟೈಟನ್ಸ್ ತಂಡ ಐದು ವರ್ಷಕ್ಕೆ 6 ಕೋಟಿ 10 ಲಕ್ಷ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿತು. ಚಿಕನ್ ಅಂಗಡಿಯಿಂದ ಇಷ್ಟು ದೂರ ಬಂದವನಿಗೆ ಒಂದು ರಾತ್ರಿಯ ಬೆಂಚು ಯಾವ ಲೆಕ್ಕ? ಸಂಬಳವನ್ನೇ ಅಳತೆಗೋಲಾಗಿ ಹಿಡಿದರೆ ಇದು ಸರಿ. ಮನುಷ್ಯನನ್ನು ಬರೀ ಸಾಧನವಾಗಿ ಕಾಣಬೇಡ ಎಂದ ಕಾಂಟ್‌ನ ಮಾತು ನಮ್ಮನ್ನು ತಡೆಯುವುದು ಇಲ್ಲೇ. ಉಪಕರಣಕ್ಕೂ ಒಳ್ಳೆಯ ಬೆಲೆ ಇರುತ್ತದೆ, ಅದನ್ನು ಜೋಪಾನವಾಗಿಯೂ ಇಡುತ್ತೇವೆ. ಈ ದಿನ ನಿನ್ನನ್ನು ಯಾಕೆ ಬಳಸುತ್ತಿಲ್ಲ ಎಂದು ಮಾತ್ರ ಉಪಕರಣಕ್ಕೆ ಯಾರೂ ಹೇಳುವುದಿಲ್ಲ. ಹೇಳಬೇಕಾಗಿರುವುದು ಮನುಷ್ಯನಿಗೆ.

ಜರ್ಮನಿಯ ತತ್ವಶಾಸ್ತ್ರಜ್ಞ, ಹೇಬರ್‌ಮಾಸ್‌ನ ಶಿಷ್ಯ ರೈನರ್ ಫಾರ್ಸ್ಟ್ ಈ ವಿಚಾರವನ್ನು ಮುಂದಕ್ಕೆ ಒಯ್ದಿದ್ದಾನೆ. ಅವನ ಪ್ರಕಾರ ನ್ಯಾಯದ ತಳಹದಿಯಲ್ಲಿರುವುದು ಸಮರ್ಥನೆ ಪಡೆಯುವ ಹಕ್ಕು. ಮನುಷ್ಯ ಅನ್ನ, ಬಟ್ಟೆ, ಹಣ ಪಡೆಯುವ ಜೀವಿ ಮಾತ್ರವಲ್ಲ. ಕಾರಣ ಕೇಳುವ, ಕಾರಣ ಕೊಡುವ ಜೀವಿ. ಅವನ ಬದುಕಿನ ಮೇಲೆ ಪರಿಣಾಮ ಬೀರುವ ನಿರ್ಧಾರಗಳಿಗೆ ಅವನು ಒಪ್ಪಬಹುದಾದಂಥ ಕಾರಣ ಇರಬೇಕು. ಇದನ್ನು ಅಲ್ಲಗಳೆದರೆ ಅವನಿಗೆ ಏನು ಕೊಟ್ಟರೂ ಅದು ದಾನವಾಗುತ್ತದೆ, ನ್ಯಾಯವಾಗುವುದಿಲ್ಲ. ಬಟ್ಲರ್‌ಗೆ ಸಿಕ್ಕ ಕೋಟಿಗಳ ಜೊತೆ ಈ ಮಾತನ್ನು ಇಟ್ಟು ನೋಡಿದರೆ, ಹಣ ಮತ್ತು ಗೌರವ ಎರಡು ಬೇರೆ ಖಾತೆಗಳೆಂದು ಸ್ಪಷ್ಟವಾಗುತ್ತದೆ. ಒಂದರಲ್ಲಿ ಜಮೆ ಮಾಡಿದರೆ ಇನ್ನೊಂದರ ಬಾಕಿ ತೀರುವುದಿಲ್ಲ.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡಿದ್ದು: ಕೆಲವೊಮ್ಮೆ ಮೌನವೇ ಕರುಣೆ. ಕಾರಣವನ್ನು ಬಿಚ್ಚಿ ಹೇಳಿದರೆ ಆಟಗಾರನ ಹೆಸರು ಕೆಡಬಹುದು, ಅವನ ಮುಂದಿನ ಒಪ್ಪಂದಕ್ಕೆ ಧಕ್ಕೆಯಾಗಬಹುದು. ಹೇಳದೆ ಇರುವುದೇ ಅವನಿಗೆ ಮಾಡುವ ಉಪಕಾರ ಇರಬಹುದಲ್ಲ? ಇರಬಹುದು. ಆದರೆ ಇಲ್ಲಿ ಎರಡು ಮೌನಗಳನ್ನು ಬೇರೆ ಮಾಡಬೇಕು. ಲೋಕದ ಮುಂದೆ ಸುಮ್ಮನಿರುವುದು ಒಂದು. ಆ ಮನುಷ್ಯನ ಮುಂದೆ ಸುಮ್ಮನಿರುವುದು ಇನ್ನೊಂದು. ಮೊದಲನೆಯದು ಕರುಣೆಯಾಗಬಹುದು, ಅದೂ ಅವನ ಒಪ್ಪಿಗೆ ಇದ್ದರೆ. ಎರಡನೆಯದನ್ನು ಕರುಣೆ ಎನ್ನುವುದು ಕಷ್ಟ. ನನಗೆ ಏನು ತಿಳಿದರೆ ಒಳ್ಳೆಯದು ಎಂಬುದನ್ನು ನನ್ನ ಬದಲು ಇನ್ನೊಬ್ಬರು ತೀರ್ಮಾನಿಸಿದಾಗ ಅವರು ನನ್ನನ್ನು ಮಗುವಾಗಿಸಿದ್ದಾರೆ. ಜೊತೆಗೆ, ಮೌನ ಅವನ ಹೆಸರನ್ನು ಉಳಿಸಿತೇ ಎಂದರೆ ಅದೂ ಇಲ್ಲ. ಗಾಳಿಮಾತು ಕಟ್ಟಿದ ಕಾರಣಗಳು ಯಾವ ನಿಜವಾದ ಕಾರಣಕ್ಕಿಂತ ಕಡಿಮೆ ಕೆಟ್ಟದ್ದಾಗಿರಲಿಲ್ಲ.

*

ಈ ಪ್ರಶ್ನೆ ಸಂಶೋಧನೆ ಮಾಡುವವರಿಗೆ ದೂರದ್ದಲ್ಲ. ನಮ್ಮ ದಿನಗಳು ನಡೆಯುವುದೇ ಆಯ್ಕೆ ಮತ್ತು ತಿರಸ್ಕಾರಗಳ ನಡುವೆ. ಒಂದು ಲೇಖನ ಎಂಟು ತಿಂಗಳ ನಂತರ ವಾಪಸು ಬರುತ್ತದೆ. ಜೊತೆಗೆ ಎರಡು ಪುಟ ಕಟುವಾದ ಟಿಪ್ಪಣಿ ಇದ್ದರೆ ಒಂದು ದಿನ ಹೊಟ್ಟೆ ಉರಿಯುತ್ತದೆ, ಮೂರನೆಯ ದಿನ ಅದನ್ನು ಮುಂದಿಟ್ಟುಕೊಂಡು ತಿದ್ದಲು ಕೂರುತ್ತೇವೆ. 'ಪ್ರಕಟಿಸಲು ಸಾಧ್ಯವಾಗುತ್ತಿಲ್ಲ' ಎಂಬ ಒಂದು ಸಾಲು ಮಾತ್ರ ಇದ್ದರೆ ತಿದ್ದಲು ಏನೂ ಇಲ್ಲ. ಆಗ ಅನುಮಾನ ಬರಹವನ್ನು ಬಿಟ್ಟು ಬರೆದವರ ಕಡೆ ತಿರುಗುತ್ತದೆ: ನನ್ನ ಹೆಸರೋ, ನನ್ನ ಕಾಲೇಜೋ, ನನ್ನ ಭಾಷೆಯೋ? ನನ್ನ ಜೊತೆ ಓದುವವರಲ್ಲಿ ಹಲವರು ಈ ಪ್ರಶ್ನೆಯನ್ನು ವರ್ಷಗಟ್ಟಲೆ ಹೊತ್ತು ತಿರುಗುವುದನ್ನು ನೋಡಿದ್ದೇನೆ. ಕಟುವಾದ ಟಿಪ್ಪಣಿಯನ್ನು ಅಷ್ಟು ಕಾಲ ಹೊತ್ತವರನ್ನು ನೋಡಿಲ್ಲ.

ಹಾಗೆಂದು ಎಲ್ಲ ಕಾರಣವೂ ಕಾರಣವಲ್ಲ. 'ತಂಡದ ಹಿತಕ್ಕಾಗಿ', 'ಸಮಿತಿಯ ತೀರ್ಮಾನದಂತೆ', 'ಗೆಲ್ಲಲು ಸರಿ ಎನಿಸಿದ್ದರಿಂದ' ಎಂಬ ಮಾತುಗಳು ಯಾವ ನಿರ್ಧಾರಕ್ಕೂ ಒಪ್ಪುತ್ತವೆ; ಎಲ್ಲದಕ್ಕೂ ಒಪ್ಪುವುದು ಯಾವುದನ್ನೂ ವಿವರಿಸುವುದಿಲ್ಲ. ಕಾರಣ ಎನಿಸಿಕೊಳ್ಳಲು ಅದು ಈ ವ್ಯಕ್ತಿಯ, ಈ ದಿನದ, ಈ ಕೆಲಸದ ಬಗ್ಗೆ ಏನನ್ನಾದರೂ ಹೇಳಬೇಕು. ಕೇಳಿಸಿಕೊಂಡವನು ಅದರ ಜೊತೆ ಜಗಳಕ್ಕಾದರೂ ಇಳಿಯುವಂತಿರಬೇಕು. ಅಭ್ಯಾಸದ ಮೈದಾನದಲ್ಲಿ ಬೆಲಿಚಿಕ್ ಕೊಟ್ಟದ್ದು ಅಂಥ ಕಾರಣ. ಒಂದೇ ವಾಕ್ಯ. ಬೆಲೆ ಏನೂ ಇರಲಿಲ್ಲ, ಸಮಯವೂ ಹಿಡಿಯಲಿಲ್ಲ.

ಬಟ್ಲರ್‌ನ ವೃತ್ತಿಜೀವನಕ್ಕೆ ಇನ್ನೊಂದು ಕೊನೆಯ ತಿರುವಿದೆ. ಟೆನೆಸಿಯಲ್ಲಿ ಮೂರು ಋತು ಆಡಿದ. ಆಮೇಲೆ ಒಂದು ವರ್ಷ ಆಟದಿಂದ ದೂರ ಉಳಿದ. 2022ರ ಮಾರ್ಚ್‌ನಲ್ಲಿ ಮತ್ತೆ ಒಪ್ಪಂದಕ್ಕೆ ಸಹಿ ಹಾಕಿದ, ಪೇಟ್ರಿಯಟ್ಸ್ ಜೊತೆ. ಕೋಚ್ ಅದೇ ಬೆಲಿಚಿಕ್. ಋತು ಶುರುವಾಗುವ ಮೊದಲೇ ಗಾಯವಾಗಿ, ಆಗಸ್ಟ್ ಹೊತ್ತಿಗೆ ಆ ಅಧ್ಯಾಯವೂ ಮುಗಿಯಿತು.

ಇದನ್ನು ತೋರಿಸಿ, ನೋಡಿ, ಅವನೇ ಮರೆತ, ನೀವ್ಯಾಕೆ ಇನ್ನೂ ಹಿಡಿದುಕೊಂಡಿದ್ದೀರಿ ಎನ್ನಬಹುದು. ಮರೆತನೋ, ಕ್ಷಮಿಸಿದನೋ, ಕೆಲಸ ಬೇಕಿತ್ತೋ, ಅದು ಅವನಿಗೆ ಸೇರಿದ್ದು. ಕ್ಷಮಿಸಿದ್ದರೆ ಅದು ಅವನ ದೊಡ್ಡತನ. ಸಾಲ ಕೊಟ್ಟವನು ಕೇಳುವುದನ್ನು ನಿಲ್ಲಿಸಿದ ಮಾತ್ರಕ್ಕೆ ಸಾಲ ಪಡೆದವನು ಅದನ್ನು ತೀರಿಸಿದಂತೆ ಆಗುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಹಲವರು ನಾಳೆ ಮೇಷ್ಟ್ರಾಗುತ್ತೀರಿ, ಸಂಪಾದಕರಾಗುತ್ತೀರಿ, ಯಾವುದೋ ಆಯ್ಕೆ ಸಮಿತಿಯ ಮೇಜಿನ ಆಚೆ ಕೂರುತ್ತೀರಿ. ಹೆಸರೊಂದನ್ನು ಪಟ್ಟಿಯಿಂದ ತೆಗೆಯುವ ಪೆನ್ನು ನಿಮ್ಮ ಕೈಗೂ ಬರುತ್ತದೆ. ತೆಗೆಯುವುದು ಕೆಲವೊಮ್ಮೆ ಅನಿವಾರ್ಯ. ಅದಾದ ಮೇಲೆ ಆ ಹೆಸರಿನವರನ್ನು ಕರೆದು ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು?